ಚಿಲ್ಲರೆ ಬಾಕಿ

ಶಿವರಾಂಪೇಟೆಯ ಆ ಮಹಡಿಯ ಮೆಟ್ಟಿಲು ಬಲು ಕಡಿದು.
ಕೆಳಗೆ ಸೈಕಲ್ ಅಂಗಡಿ, ಟ್ಯೂಬಿನ ರಬ್ಬರು ವಾಸನೆ.
ಮೇಲೆ ಮುನೀರ್ ಪಾಷಾರ ಗಾಜಿನ ಬೀರು,
ಅದರೊಳಗೆ ಯಾರ್ಯಾರೋ ನೋಡಿ ಬಿಟ್ಟ ಕಣ್ಣುಗಳು.

ನನ್ನ ಚೀಲದಲ್ಲಿ ಹದಿನೆಂಟು ಸಾವಿರ.
ಎರಡು ದಸರೆಯ ಸ್ಪೆಷಲ್ ಬಸ್ಸಿನ ಓಟಿ,
ಎತ್ತಿದ ಒಂದು ಚೀಟಿ.
ಜೊತೆಗೆ ಅಕ್ಕನ ಮಗ ಯಶವಂತ ಬರೆದುಕೊಟ್ಟ ಪಟ್ಟಿ:
ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ಲಿಗೆ ಕಡಿಮೆ ಬೇಡ,
ಎಪ್ಪತ್ತು ಮುನ್ನೂರರ ಲೆನ್ಸು ಇರಲೇಬೇಕು ಚಿಕ್ಕಮ್ಮ,
ಇಲ್ಲದಿದ್ದರೆ ರಂಗನತಿಟ್ಟಿನ ಕೊಕ್ಕರೆ
ಅಕ್ಕಿಕಾಳಷ್ಟೇ ಬರುತ್ತೆ.

‘ಏನು ತೆಗೀಬೇಕು ಅಂತಿದ್ದೀರಿ?’ ಅಂದರು ಮುನೀರ್.
ಪಟ್ಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.
‘ಕೆಲಸ?’
‘ಕಂಡಕ್ಟರು. ಮಂಡ್ಯ ಡಿಪೋ.’
ಅವರು ಸುಮ್ಮನೆ ಟೀ ತರಿಸಿದರು.

ಮೊದಲು ಉದ್ದದ ಲೆನ್ಸು.
ಸೇರು ಅಕ್ಕಿಯ ಭಾರ, ಕೈ ನಡುಗಿತು.
ಕಿಟಕಿಯಾಚೆ ಸಿಂಟೆಕ್ಸ್ ಟ್ಯಾಂಕಿನ ಮೇಲಿನ ಪಾರಿವಾಳ
ದಡಕ್ಕನೆ ನನ್ನ ಮೂಗಿಗೆ ಬಂತು,
ಕೆಂಪು ಕಣ್ಣು, ಕೊರಳಿನ ಹಸಿರು, ಒಂದು ಮುರಿದ ಗರಿ.
ಅದಕ್ಕೆ ನಾನು ಗೊತ್ತೇ ಇಲ್ಲ.
ಟಿಕೆಟ್ ಕೇಳದೆ ಸುಮ್ಮನೆ ಮುಖ ದಿಟ್ಟಿಸಿದ ಹಾಗೆ
ಒಂಥರಾ ನಾಚಿಕೆಯಾಗಿ ಇಳಿಸಿದೆ.

‘ಇದು ಹದಿನೆಂಟು ಐವತ್ತೈದು.
ಎಲ್ಲರೂ ಮೊದಲು ತಗೊಂಡು ಹೋಗೋದೂ ಇದೇ,
ಮೊದಲು ವಾಪಸ್ ತರೋದೂ ಇದೇ.’
ಬೀರುವಿನಲ್ಲಿ ಅಂಥವು ಒಂಬತ್ತು, ನಾನೇ ಎಣಿಸಿದೆ.

ಆಮೇಲೆ ಐವತ್ತರದ್ದು.
ಉಪ್ಪಿನ ಡಬ್ಬಿಯ ಮುಚ್ಚಳದಷ್ಟಿದೆ, ಪ್ಲಾಸ್ಟಿಕ್ಕು.
‘ಇದರಲ್ಲಿ ಜೂಮ್ ಇಲ್ಲ.
ಹತ್ತಿರ ಬೇಕಂದ್ರೆ ನೀವೇ ಹೋಗ್ಬೇಕು,
ದೂರ ಬೇಕಂದ್ರೆ ನೀವೇ ಹಿಂದೆ ಸರೀಬೇಕು.
ಒಂದು ಮೊಳಕ್ಕಿಂತ ಹತ್ತಿರ ಬಂದ್ರೆ ಮಬ್ಬು.’

ನಗು ಬಂತು.
ಹನ್ನೊಂದು ವರ್ಷ, ಐವತ್ತೈದು ಸೀಟಿನ ಹೊಟ್ಟೆಯೊಳಗೆ
ನಾನು ಮತ್ತೇನು ಮಾಡಿದ್ದೇನೆ?
ಹಿಂಬಾಗಿಲಿಂದ ಡ್ರೈವರ್ ಚಿಕ್ಕಲಿಂಗಯ್ಯನವರೆಗೆ,
ಮತ್ತೆ ಹಿಂದಕ್ಕೆ,
ಎಲ್ಲ ಮುಖಗಳಿಂದಲೂ ಒಂದು ಮೊಳ ದೂರ.

ಕಿಂಡಿಯ ಲೆಕ್ಕವನ್ನೂ ಹೇಳಿಕೊಟ್ಟರು:
ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು.
ಅರ್ಥವಾಯಿತು, ನಮ್ಮ ಡಿಪೋದಲ್ಲೂ ಹಾಗೇ,
ಹುದ್ದೆ ಸಣ್ಣದಾದಷ್ಟೂ ಬಾಯಿ ದೊಡ್ಡದು.

ಬಾಡಿ ಹಳೆಯದು. ಹಿಡಿಕೆಯ ರಬ್ಬರು ಸವೆದು
ಬೇರೆ ಯಾವುದೋ ಹೆಬ್ಬೆರಳಿನ ಗುಳಿ ಬಿದ್ದಿದೆ.
ನಲವತ್ತೊಂದು ಸಾವಿರ ಸಲ ರೆಪ್ಪೆ ಬಡಿದಿದೆಯಂತೆ.
ಆ ವ್ಯಕ್ತಿ ಅಷ್ಟೊಂದು ಏನು ನೋಡಿದ,
ಯಾಕೆ ಮಾರಿದ, ಮುನೀರ್ ಹೇಳಲಿಲ್ಲ.
ನಾನು ಗುಳಿಯಲ್ಲಿ ಬೆರಳಿಟ್ಟೆ. ಸ್ವಲ್ಪ ಸಡಿಲ.

ಇಪ್ಪತ್ತೊಂದಕ್ಕೆ ಒಂದು ಪೈಸೆ ಕಮ್ಮಿ ಇಲ್ಲ ಅಂದರು.
ಹದಿನೆಂಟು ಎಣಿಸಿಟ್ಟು, ಚೀಲದಲ್ಲಿದ್ದ ಹಳೇ ಟಿಕೆಟ್ಟಿನ ಹಿಂದೆ
ರೂಢಿಯಂತೆ ಬರೆದುಕೊಟ್ಟೆ:
ಬಾಕಿ ಮೂರು ಸಾವಿರ. ರುಜು, ಚಂದ್ರಪ್ರಭಾ.
ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ
ಜೇಬಿನಲ್ಲಿಟ್ಟುಕೊಂಡರು, ಅತ್ತರಿನ ಸೀಸೆಯ ಪಕ್ಕ.

ವಾಪಸ್ ಬರುವಾಗ ನಾನು ಪ್ಯಾಸೆಂಜರು.
ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಾಗ
ಸೀಬೆಹಣ್ಣಿನ ಪುಟ್ಟಿಯ ಅಜ್ಜನಿಗೆ
ಕೆಂಪರಾಜ ಚಿಲ್ಲರೆ ಕೊಡುತ್ತಿದ್ದ.
ಎದ್ದೆ. ಎರಡು ಹೆಜ್ಜೆ ಮುಂದೆ. ಅರ್ಧ ಹೆಜ್ಜೆ ಹಿಂದೆ.
‘ಏನಕ್ಕಾ ಇದು, ನಮ್ಮನ್ಯಾಕೆ ತೆಗ್ದೀಯೆ, ಹೊಳೆ ತೆಗಿ’ ಅಂದ.
ಒತ್ತಿದೆ.

ಕೆಂಪರಾಜ ಕರಗಿಹೋಗಿದ್ದಾನೆ, ಖಾಕಿ ಬಣ್ಣದ ಹೊಗೆ.
ಅಜ್ಜನೂ ಇಲ್ಲ, ಬಿಳಿ ಗಡ್ಡದಂಥದ್ದೊಂದು ಬೆಳಕು.
ಎರಡು ಕೈಗಳ ನಡುವೆ, ಇನ್ನೂ ಯಾರದ್ದೂ ಆಗದ
ಒಂದು ರೂಪಾಯಿ ಮಾತ್ರ ಎಷ್ಟು ಸ್ಪಷ್ಟವೆಂದರೆ
ಅದರ ಅಂಚಿಗೆ ಮೆತ್ತಿದ ಎಲೆಅಡಿಕೆಯ ಕೆಂಪೂ ಕಾಣುತ್ತದೆ.

ಯಶವಂತ ನೋಡಿ, ಫೋಕಸ್ ತಪ್ಪಿದೆ ಚಿಕ್ಕಮ್ಮ, ಅಂದ.
ಇರಬಹುದು.
ನಾಳೆ ಮೊದಲ ಪಾಳಿ, ಐದೂಕಾಲಿಗೆ.
ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.